ನಡುಮನೆಯ ಬೆಳಕಿನಲ್ಲಿ ಸೆನ್ಸರ್ ನಡೆದೀತೇ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮದು ಹಳೆಯ ಹಂಚಿನ ಮನೆ. ಅಡಕೆ ಚೀಲ ಇಡುವ ಕೋಣೆ, ಕಾಳುಮೆಣಸಿನ ಉಗ್ರಾಣ, ಅಟ್ಟ ಮತ್ತು ನಡುಮನೆಯಲ್ಲಿ ತೇವಾಂಶ, ಉಷ್ಣತೆ ಅಳೆದು ಮೊಬೈಲಿಗೆ ಕಳುಹಿಸುವ ನಾಲ್ಕು ಪುಟ್ಟ ಬ್ಲೂಟೂತ್ ಸೆನ್ಸರ್‌ಗಳನ್ನು ಇಟ್ಟಿದ್ದೇವೆ. ಸುಮಾರು ಎಂಟು ತಿಂಗಳಿಗೆ ಬಟನ್ ಸೆಲ್ ಮುಗಿಯುತ್ತದೆ. ಮುಗಿದ ಸೆಲ್‌ಗಳು ಡಬ್ಬಿಯಲ್ಲಿ ಸೇರುತ್ತಿವೆ, ತೋಟಕ್ಕೆ ಎಸೆಯಲು ಮನಸ್ಸಿಲ್ಲ. ಟ್ಯೂಬ್‌ಲೈಟಿನ ಬೆಳಕಿನಲ್ಲೇ ವಿದ್ಯುತ್ ಕೊಡುವ ‘ಸಾವಯವ ಸೌರಕೋಶ’ ಬಂದಿದೆಯೆಂದು ಓದಿದೆ. ನಮ್ಮ ಸೆನ್ಸರ್‌ಗಳಿಗೆ ಅದು ಸಾಕಾದೀತೇ? ಕರೆಂಟ್ ಹೋದಾಗ ಮೊಬೈಲನ್ನೂ ಚಾರ್ಜ್ ಮಾಡಬಹುದೇ?

ಉತ್ತರ: ಸೆನ್ಸರ್ ನಡೆಯುತ್ತದೆ, ಮೊಬೈಲ್ ನಡೆಯುವುದಿಲ್ಲ. ಆದರೆ ಸೆನ್ಸರ್ ಇರುವ ಜಾಗದಲ್ಲೇ ಕೋಶವನ್ನೂ ಇಡುತ್ತೇನೆ ಎಂದರೆ ನಾಲ್ಕರಲ್ಲಿ ಎರಡು ಸೆನ್ಸರ್‌ಗಳು ಖಂಡಿತ ನಿಂತುಹೋಗುತ್ತವೆ. ಅಡಕೆ ಕೋಣೆಯಲ್ಲಿ ಮತ್ತು ಉಗ್ರಾಣದಲ್ಲಿ ನಿಮಗೆ ಕಾಣುವಷ್ಟು ಬೆಳಕು ಇರಬಹುದು, ಕೋಶಕ್ಕೆ ಸಾಲುವಷ್ಟು ಇರುವುದಿಲ್ಲ. ಹೀಗಾಗಿ ಯಾವ ಕೋಶ ಕೊಳ್ಳಬೇಕು ಎಂಬ ಪ್ರಶ್ನೆಗಿಂತ ಮೊದಲು ಮನೆಯ ಯಾವ ಮೂಲೆಯಲ್ಲಿ ಎಷ್ಟು ಬೆಳಕಿದೆ ಎಂಬುದು ಇತ್ಯರ್ಥವಾಗಬೇಕು.

‘ಸಾವಯವ’ ಎಂಬ ಮಾತನ್ನು ಮೊದಲು ಬಿಡಿಸಿಬಿಡುತ್ತೇನೆ, ಏಕೆಂದರೆ ನಮ್ಮ ಕಡೆ ಆ ಪದ ಕೇಳಿದೊಡನೆ ಗೊಬ್ಬರ, ಜೀವಾಮೃತ ನೆನಪಾಗುತ್ತವೆ. ಇಲ್ಲಿ ಅದಕ್ಕೆ ಇಂಗಾಲದ ಅಣುಗಳಿಂದಾದದ್ದು ಎಂದಷ್ಟೇ ಅರ್ಥ. ಪ್ಲಾಸ್ಟಿಕ್ ಕೂಡ ಆ ಅರ್ಥದಲ್ಲಿ ಸಾವಯವವೇ. ಪ್ಲಾಸ್ಟಿಕ್ಕಿನಂಥ ಪಾಲಿಮರ್‌ಗಳಲ್ಲೂ ವಿದ್ಯುತ್ ಹರಿಯಬಲ್ಲದು ಎಂದು ತೋರಿಸಿದ ಹೀಗರ್, ಮ್ಯಾಕ್‌ಡಿಯಾರ್ಮಿಡ್, ಶಿರಾಕಾವಾ ಅವರಿಗೆ 2000ದಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅದಕ್ಕೂ ಮುಂಚೆ, 1986ರಲ್ಲಿ, ಕೊಡಾಕ್ ಸಂಸ್ಥೆಯ ಚಿಂಗ್ ಟಾಂಗ್ ಎರಡು ಪದರಗಳ ಸಾವಯವ ಕೋಶವೊಂದನ್ನು ವರದಿ ಮಾಡಿದ್ದರು. ಬಿಸಿಲಿನಲ್ಲಿ ಅದರ ದಕ್ಷತೆ ನೂರಕ್ಕೆ ಒಂದರ ಹತ್ತಿರ. ಮನೆಯೊಳಗಿನ ಬೆಳಕಿಗೆಂದೇ ಹೊಂದಿಸಿದ ಕೋಶವೊಂದು 2019ರಲ್ಲಿ, 1000 ಲಕ್ಸ್ (ಒಂದು ಜಾಗದಲ್ಲಿ ಎಷ್ಟು ಬೆಳಕು ಬೀಳುತ್ತದೆಂಬುದರ ಅಳತೆ) ಎಲ್‌ಇಡಿ ಬೆಳಕಿನಲ್ಲಿ, ಶೇಕಡಾ 26 ಮುಟ್ಟಿತು. ಅದು ಪ್ರಯೋಗಾಲಯದ, ಒಂದು ಚದರ ಸೆಂಟಿಮೀಟರಿನ ಕೋಶ ಎಂಬುದನ್ನು ಮರೆಯಬೇಡಿ. ಕಾರ್ಖಾನೆಯಲ್ಲಿ ಮುದ್ರಿಸಿದ ದೊಡ್ಡ ಹಾಳೆಗೆ ನಾನು ಈ ಉತ್ತರದಲ್ಲಿ ಶೇಕಡಾ 15 ಮಾತ್ರ ಹಿಡಿಯುತ್ತೇನೆ. ಲೆಕ್ಕ ಬಿಗಿಯಾಗಿದ್ದರೆ ಮಳೆಗಾಲದಲ್ಲಿ ಕೈಕೊಡುವುದಿಲ್ಲ.

ಚಾವಣಿಯ ಮೇಲಿನ ಸಿಲಿಕಾನ್ ಫಲಕದ ತುಂಡನ್ನೇ ಒಳಗೆ ಇಟ್ಟರೆ ಏನಾಗುತ್ತದೆ? ಸಿಲಿಕಾನ್ ಬಿಸಿಲಿಗೆ ಒಗ್ಗಿದ ವಸ್ತು. ಸೂರ್ಯನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಕಣ್ಣಿಗೆ ಕಾಣದ ಅವಕೆಂಪು. ಅದರ ಬಹುಪಾಲನ್ನು ಹಿಡಿಯುವಷ್ಟು ಸಿಲಿಕಾನಿನ ಹೊಸ್ತಿಲು, ಅಂದರೆ ವಿದ್ಯುತ್ ಹುಟ್ಟಿಸಲು ಬೆಳಕಿನ ಕಣಕ್ಕೆ ಇರಬೇಕಾದ ಕನಿಷ್ಠ ಶಕ್ತಿ, ತಗ್ಗು, ಸುಮಾರು 1.1 ಎಲೆಕ್ಟ್ರಾನ್‌ವೋಲ್ಟ್. ಎಲ್‌ಇಡಿ ಬೆಳಕಿನಲ್ಲಿ ಅವಕೆಂಪು ಇಲ್ಲವೇ ಇಲ್ಲ ಎನ್ನಬಹುದು. ಅದರ ಕಣಗಳಾದ ಫೋಟಾನ್‌ಗಳು ಹೆಚ್ಚಾಗಿ 1.8ರಿಂದ 3 ಎಲೆಕ್ಟ್ರಾನ್‌ವೋಲ್ಟಿನವು. ಅವು ತಗ್ಗು ಹೊಸ್ತಿಲನ್ನು ದಾಟಿ ಮಿಕ್ಕ ಶಕ್ತಿಯನ್ನು ಬಿಸಿಯಾಗಿ ಕಳೆದುಕೊಳ್ಳುತ್ತವೆ. ಜೊತೆಗೆ, ಬಿಸಿಲಿನಲ್ಲಿ ಲೆಕ್ಕಕ್ಕೇ ಬಾರದ ಒಳಸೋರಿಕೆ ಮಂದ ಬೆಳಕಿನಲ್ಲಿ ಹುಟ್ಟಿದ ವಿದ್ಯುತ್ತಿನ ದೊಡ್ಡ ಪಾಲನ್ನೇ ನುಂಗುತ್ತದೆ. ಸಾವಯವ ಅಣುಗಳ ಹೊಸ್ತಿಲನ್ನು ರಸಾಯನಶಾಸ್ತ್ರಜ್ಞರು ಬೇಕಾದ ಎತ್ತರಕ್ಕೆ ಕಟ್ಟಬಲ್ಲರು. ಮನೆಯ ದೀಪಕ್ಕೆ 1.8–1.9ರ ಎತ್ತರ ಸರಿಹೋಗುತ್ತದೆ. ಬಿಸಿಲಿನಲ್ಲಿ ಒಂಟಿ ಪದರದ ಕೋಶವೊಂದಕ್ಕೆ ಸಿದ್ಧಾಂತವೇ ಹಾಕಿದ ಮಿತಿ ಶೇಕಡಾ 33ರ ಸುಮಾರು. ಬಿಳಿ ಎಲ್‌ಇಡಿ ಬೆಳಕಿಗೆ ಆ ಮಿತಿ 50ನ್ನು ದಾಟುತ್ತದೆ. ಈ ಕೋಶಗಳ ಮೇಲೆ ನನಗೆ ಇಷ್ಟು ಅಕ್ಕರೆ ಇರುವುದಕ್ಕೆ ಇದೇ ಕಾರಣ: ಬಿಸಿಲಿನಲ್ಲಿ ಹಿಂದೆ ಬಿದ್ದ ವಸ್ತು ಮನೆಯೊಳಗೆ ಮುಂದೆ ನಿಲ್ಲುತ್ತದೆ.

ಒಳಗೆ ನಡೆಯುವುದು ಇಷ್ಟು. ಎಲೆಕ್ಟ್ರಾನ್ ಕೊಡುವ ಅಣು, ಎಲೆಕ್ಟ್ರಾನ್ ಪಡೆಯುವ ಅಣು ಎರಡನ್ನೂ ದ್ರಾವಣದಲ್ಲಿ ಬೆರೆಸಿ ಪ್ಲಾಸ್ಟಿಕ್ ಹಾಳೆಯ ಮೇಲೆ ಬಳಿಯುತ್ತಾರೆ. ಪದರದ ದಪ್ಪ ಒಂದೆರಡು ನೂರು ನ್ಯಾನೊಮೀಟರ್, ಅಂದರೆ ತಲೆಗೂದಲಿನ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಬೆಳಕು ಬಿದ್ದಾಗ ಎಲೆಕ್ಟ್ರಾನ್ ಒಮ್ಮೆಲೇ ಬಿಡುಗಡೆಯಾಗುವುದಿಲ್ಲ, ತಾನು ಬಿಟ್ಟುಬಂದ ಖಾಲಿ ಜಾಗಕ್ಕೇ ಅಂಟಿಕೊಂಡಿರುತ್ತದೆ. ಆ ಜೋಡಿ ಹತ್ತಾರು ನ್ಯಾನೊಮೀಟರಿನೊಳಗೆ ಇನ್ನೊಂದು ಬಗೆಯ ಅಣುವನ್ನು ಮುಟ್ಟಿದರೆ ಬೇರ್ಪಟ್ಟು ವಿದ್ಯುತ್ತಾಗುತ್ತದೆ, ಮುಟ್ಟದಿದ್ದರೆ ನಂದಿಹೋಗುತ್ತದೆ. ಎರಡೂ ವಸ್ತುಗಳನ್ನು ಅಷ್ಟು ನುಣ್ಣಗೆ ಬೆರೆಸುವುದು ಅದಕ್ಕಾಗಿಯೇ.

ಇನ್ನು ಬೆಳಕು. ಕಣ್ಣನ್ನು ಈ ವಿಷಯದಲ್ಲಿ ನಂಬಬೇಡಿ. ಪಾಪೆ ಹಿಗ್ಗಿ ಕುಗ್ಗಿ, ಅಕ್ಷಿಪಟಲವೂ ಬೆಳಕಿಗೆ ಹೊಂದಿಕೊಂಡು, ನೂರು ಪಟ್ಟು ವ್ಯತ್ಯಾಸವನ್ನೂ ‘ಸ್ವಲ್ಪ ಮಂಕು’ ಎಂದು ತೋರಿಸಿಬಿಡುತ್ತದೆ. ಹೊಸನಗರದ ಹತ್ತಿರದ ನಮ್ಮ ಮನೆಯಲ್ಲಿ ಪುನರ್ವಸು ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ ಲಕ್ಸ್ ಮೀಟರ್ ಹಿಡಿದು ಕೋಣೆಯಿಂದ ಕೋಣೆಗೆ ನಡೆದೆ. ಜಗುಲಿಯಲ್ಲಿ 900 ಲಕ್ಸ್. ನಡುಮನೆಯ ಕಿಟಕಿಯ ಪಕ್ಕದ ಗೋಡೆಯಲ್ಲಿ 400. ಅಟ್ಟದಲ್ಲಿ ಗಾಜಿನ ಹಂಚಿನ ಕೆಳಗೆ 600, ಅಲ್ಲಿಂದ ನಾಲ್ಕು ಹೆಜ್ಜೆ ಸರಿದರೆ 30. ಅಡಕೆ ಕೋಣೆಯ ಬಾಗಿಲು ಅರೆತೆರೆದಿದ್ದಾಗ 15, ಮುಚ್ಚಿದಾಗ 3. ರಾತ್ರಿ ನಡುಮನೆಯ ಟ್ಯೂಬ್‌ಲೈಟ್ ಹಚ್ಚಿ ಎದುರು ಗೋಡೆಯಲ್ಲಿ ಅಳೆದರೆ 120. ನೆತ್ತಿಯ ಬಿಸಿಲು ಒಂದು ಲಕ್ಷ ಲಕ್ಸ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಆ 15 ಲಕ್ಸಿನ ಕೋಣೆಯಲ್ಲಿ ನಾನು ಚೀಲದ ಮೇಲಿನ ಅಕ್ಷರವನ್ನು ಕಷ್ಟವಿಲ್ಲದೆ ಓದಿದ್ದೆ.

ಈ ಅಳತೆಗೆ ದುಡ್ಡು ಖರ್ಚು ಮಾಡಬೇಕಾಗಿಲ್ಲ. ಮೊಬೈಲಿನಲ್ಲಿರುವ ಬೆಳಕಿನ ಸಂವೇದಕವನ್ನು ಬಳಸುವ ಆ್ಯಪ್‌ಗಳು ಸಿಗುತ್ತವೆ. ಅವು ಕರಾರುವಾಕ್ಕಲ್ಲ, ಆದರೆ 15 ಯಾವುದು 150 ಯಾವುದು ಎಂದು ಹೇಳಬಲ್ಲವು, ನಮಗೆ ಬೇಕಾದದ್ದು ಅಷ್ಟೇ. ಕೋಶ ಯಾವ ಕಡೆಗೆ ಮುಖ ಮಾಡಿರುತ್ತದೋ ಮೊಬೈಲಿನ ಮುಖವೂ ಆ ಕಡೆಗೇ ಇರಲಿ. ನಿಮ್ಮ ನೆರಳು ಅದರ ಮೇಲೆ ಬೀಳದಿರಲಿ.

ಈಗ ಆಯವ್ಯಯ. ಮೊದಲು ಖರ್ಚು, ಅದು ನಿಮ್ಮ ಪ್ರಶ್ನೆಯಲ್ಲೇ ಅಡಗಿದೆ. ಇಂಥ ಸೆನ್ಸರ್‌ಗಳಲ್ಲಿ ಸಾಮಾನ್ಯವಾಗಿರುವ ಸಿಆರ್2032 ಸೆಲ್ಲಿನಲ್ಲಿ 3 ವೋಲ್ಟಿನಲ್ಲಿ ಸುಮಾರು 220 ಮಿಲಿಆಂಪಿಯರ್-ಗಂಟೆ, ಅಂದರೆ 660 ಮಿಲಿವಾಟ್-ಗಂಟೆ ಶಕ್ತಿ ಇರುತ್ತದೆ. ಎಂಟು ತಿಂಗಳೆಂದರೆ 5760 ಗಂಟೆ. ಭಾಗಿಸಿದರೆ ನಿಮ್ಮ ಸೆನ್ಸರ್ ಸರಾಸರಿ 115 ಮೈಕ್ರೊವಾಟ್ ತಿನ್ನುತ್ತಿದೆ. ದಿನಕ್ಕೆ 2760 ಮೈಕ್ರೊವಾಟ್-ಗಂಟೆ.

ಆದಾಯದ ಕಡೆ: ಎಲ್‌ಇಡಿ ಬೆಳಕಿನ 100 ಲಕ್ಸಿನಲ್ಲಿ ಒಂದು ಚದರ ಸೆಂಟಿಮೀಟರಿಗೆ ಬೀಳುವ ಶಕ್ತಿ ಸುಮಾರು 30 ಮೈಕ್ರೊವಾಟ್. ಶೇಕಡಾ 15ರ ದಕ್ಷತೆಯಲ್ಲಿ ಅದರಿಂದ ನಾಲ್ಕೂವರೆ ಸಿಗುತ್ತದೆ. ಎಟಿಎಂ ಕಾರ್ಡಿಗಿಂತ ತುಸು ದೊಡ್ಡದಾದ, 50 ಚದರ ಸೆಂಟಿಮೀಟರಿನ ಹಾಳೆ ಹಿಡಿಯೋಣ. ವೋಲ್ಟೇಜ್ ಹೊಂದಿಸುವ ವಿದ್ಯುತ್ ಮಂಡಲದಲ್ಲಿ (ಸರ್ಕ್ಯೂಟಿನಲ್ಲಿ) ಐದನೆಯ ಒಂದು ಪಾಲು ಕಳೆದರೆ ಕೈಗೆ ಬರುವುದು 100 ಲಕ್ಸಿಗೆ 180 ಮೈಕ್ರೊವಾಟ್. ಈ ಒಂದು ಅಂಕಿಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ಸರಿ, ಉಳಿದದ್ದೆಲ್ಲ ಗುಣಾಕಾರ. ಕಿಟಕಿಯ ಪಕ್ಕದ 400 ಲಕ್ಸ್, ದಿನಕ್ಕೆ ಎಂಟು ಗಂಟೆ: 5760 ಮೈಕ್ರೊವಾಟ್-ಗಂಟೆ, ಖರ್ಚಿನ ಎರಡು ಪಟ್ಟಿಗೂ ಮಿಕ್ಕಿ. ರಾತ್ರಿ ಟ್ಯೂಬ್‌ಲೈಟಿನ 120 ಲಕ್ಸ್, ಐದು ಗಂಟೆ: 1080, ಅರ್ಧಕ್ಕೂ ಸಾಲದು. ಅಡಕೆ ಕೋಣೆಯ 15 ಲಕ್ಸ್, ಎಂಟು ಗಂಟೆ: ಕಾಗದದ ಮೇಲೆ 216. ನಿಜದಲ್ಲಿ ಅಷ್ಟೂ ಬರುವುದಿಲ್ಲ, ಅಷ್ಟು ಮಂದ ಬೆಳಕಿನಲ್ಲಿ ಕೋಶದ ಸೋರಿಕೆ ಮತ್ತು ಮಂಡಲದ ಸ್ವಂತ ಖರ್ಚು ಮೇಲುಗೈ ಸಾಧಿಸುತ್ತವೆ.

ಹಾಗೆಂದು ದೊಡ್ಡ ಹಾಳೆ ಹುಡುಕಲು ಹೊರಡಬೇಡಿ. ಖರ್ಚು ತಗ್ಗಿಸುವುದು ಸುಲಭ. ಸೆನ್ಸರ್ ತನ್ನ ಶಕ್ತಿಯ ಬಹುಪಾಲನ್ನು ಅಳೆಯುವುದಕ್ಕೆ ಬಳಸುವುದಿಲ್ಲ, ಅಳೆದದ್ದನ್ನು ರೇಡಿಯೊ ಮೂಲಕ ಕೂಗಿ ಹೇಳುವುದಕ್ಕೆ ಬಳಸುತ್ತದೆ. ನಿದ್ರೆಯಲ್ಲಿ ಅದಕ್ಕೆ ಕೆಲವೇ ಮೈಕ್ರೊಆಂಪಿಯರ್ ಸಾಕು. ಮಾತನಾಡುವ ಕೆಲವು ಮಿಲಿಸೆಕೆಂಡುಗಳಲ್ಲಿ ಸಾವಿರ ಪಟ್ಟು ಬೇಕು. ಅಡಕೆ ಚೀಲಕ್ಕೆ ಬೂಷ್ಟು ಹಿಡಿಯುವುದು ನಿಮಿಷಗಳಲ್ಲಿ ಅಲ್ಲ. ಕೋಣೆಯ ತೇವಾಂಶವನ್ನು ಕಾಲು ಗಂಟೆಗೊಮ್ಮೆ ತಿಳಿದರೆ ಧಾರಾಳವಾಯಿತು. ಸೆನ್ಸರಿನ ಸೆಟ್ಟಿಂಗ್‌ನಲ್ಲಿ ಆ ಅಂತರ ಬದಲಿಸಲು ಬರುವುದಾದರೆ ಇಂದೇ ಬದಲಿಸಿ. ಸರಾಸರಿ ಖರ್ಚು 25 ಮೈಕ್ರೊವಾಟಿಗೆ ಇಳಿದರೆ ದಿನಕ್ಕೆ 600 ಮೈಕ್ರೊವಾಟ್-ಗಂಟೆ ಸಾಕು, ಆಗ ರಾತ್ರಿಯ ಟ್ಯೂಬ್‌ಲೈಟ್ ಒಂದೇ ನಡುಮನೆಯ ಸೆನ್ಸರನ್ನು ಸಾಕುತ್ತದೆ. ನೀವು ಸೌರಕೋಶ ಹಾಕದೇ ಇದ್ದರೂ ಇದೊಂದು ಬದಲಾವಣೆಯಿಂದ ಬಟನ್ ಸೆಲ್ ಎಂಟು ತಿಂಗಳ ಬದಲು ಎರಡು ವರ್ಷ ದಾಟೀತು.

ಅಬ್ಬಿ ನೀರಿನ ಮನೆಯವರಿಗೆ ಮುಂದಿನ ಮಾತು ಬೇಗ ಅರ್ಥವಾಗುತ್ತದೆ. ಗುಡ್ಡದ ಒರತೆಯಿಂದ ದಬ್ಬೆಯಲ್ಲಿ ಕಿರುಬೆರಳ ಗಾತ್ರದ ನೀರು ಇಳಿಯುತ್ತದೆ. ಅದಕ್ಕೆ ಕೊಡ ಹಿಡಿದು ನಿಂತರೆ ಹೊತ್ತು ಹೋಗುವುದಿಲ್ಲ. ಕೆಳಗೆ ಕಲ್ಲುಬಾನಿ ಇಟ್ಟು ಮಲಗಿದರೆ ಬೆಳಗ್ಗೆ ಇಡೀ ಮನೆಯ ಸ್ನಾನಕ್ಕೆ ನೀರು ಇರುತ್ತದೆ. ಕೋಶ ನಿಮ್ಮ ಒರತೆ, ರೇಡಿಯೊ ಒಮ್ಮೆಲೇ ಒಂದು ಕೊಡ ತುಂಬ ನೀರು ಕೇಳುವವನು. ನಡುವೆ ಬಾನಿ ಬೇಕು, ಮತ್ತು ಆ ಬಾನಿ ಸೋರಬಾರದು. ಬಾನಿಯ ಕೆಲಸಕ್ಕೆ, ವಿದ್ಯುತ್ತನ್ನು ಥಟ್ಟನೆ ತುಂಬಿಕೊಂಡು ಥಟ್ಟನೆ ಕೊಡುವ ಸೂಪರ್‌ಕೆಪಾಸಿಟರ್ ಚೆನ್ನ, ಲಕ್ಷಾಂತರ ಸಲ ತುಂಬಿ ಬರಿದಾದರೂ ಸವೆಯುವುದು ಕಡಿಮೆ. ಆದರೆ ಧಾರಣಶಕ್ತಿಯಲ್ಲಿ ಒಂದು ಫ್ಯಾರಡ್‌ನದ್ದು 3.3 ವೋಲ್ಟಿನಿಂದ 2.2ಕ್ಕೆ ಇಳಿಯುವಷ್ಟರಲ್ಲಿ ಕೊಡುವುದು ಸುಮಾರು 840 ಮೈಕ್ರೊವಾಟ್-ಗಂಟೆ. 25 ಮೈಕ್ರೊವಾಟಿನ ಸೆನ್ಸರಿಗೆ ಒಂದೂವರೆ ದಿನವೂ ಬಾರದು, ಸೋರಿಕೆ ಲೆಕ್ಕ ಹಿಡಿದರೆ ಇನ್ನೂ ಕಡಿಮೆ. ಆಷಾಢದಲ್ಲಿ ಮರ ಬಿದ್ದು ತಂತಿ ಹರಿದರೆ ನಮ್ಮಲ್ಲಿ ಮೂರು ದಿನ ದೀಪವಿಲ್ಲದೆ ಕಳೆಯುವುದು ಹೊಸದಲ್ಲ. ಬರೀ ಟ್ಯೂಬ್‌ಲೈಟನ್ನು ನಂಬಿದ ಸೆನ್ಸರ್, ತೇವಾಂಶದ ಸುದ್ದಿ ಅತ್ಯಂತ ಬೇಕಾದ ಆ ಮೂರು ದಿನಗಳಲ್ಲೇ ಸುಮ್ಮನಾಗುತ್ತದೆ. ಆದ್ದರಿಂದ ನಮ್ಮ ಮನೆಗಳಿಗೆ ಮರುಚಾರ್ಜ್ ಆಗುವ ಪುಟ್ಟ ಲಿಥಿಯಂ ಸೆಲ್ ಮೇಲು. ಎಲ್‌ಐಆರ್2032 ಎಂಬುದು ಅದೇ ಗಾತ್ರದ್ದು. ಶಕ್ತಿ ಸಿಆರ್2032ರ ಕಾಲು ಭಾಗದಷ್ಟಿದ್ದರೂ ಈ ಖರ್ಚಿಗೆ ತಿಂಗಳುಗಟ್ಟಲೆ ಬರುತ್ತದೆ.

ಇಲ್ಲೊಂದು ಎಚ್ಚರಿಕೆ. ಎರಡೂ ನೋಡಲು ಒಂದೇ ಥರ ಇರುತ್ತವೆ. ಸಿಆರ್ ಎಂದು ಅಚ್ಚೊತ್ತಿದ ಸೆಲ್ಲಿಗೆ ಯಾವ ಕಾರಣಕ್ಕೂ ಚಾರ್ಜ್ ಕೊಡಬಾರದು, ಉಬ್ಬಿ ಒಡೆಯಬಹುದು. ಎಲ್‌ಐಆರ್ ತುಂಬಿದಾಗ 4.2 ವೋಲ್ಟ್ ಇರುತ್ತದೆ, 3 ವೋಲ್ಟಿನ ಸೆನ್ಸರಿಗೆ ಅದನ್ನು ನೇರವಾಗಿ ಕೂಡಿಸಿದರೆ ಸೆನ್ಸರ್ ಸುಟ್ಟೀತು. ನಡುವೆ ಶಕ್ತಿ ಸಂಗ್ರಹಕ್ಕೆಂದೇ ಮಾಡಿದ ಚಿಪ್ ಬೇಕು. ಬಿಕ್ಯೂ25570, ಎಇಎಂ10941 ಈ ಕೆಲಸದ ಹೆಸರಾಂತ ಚಿಪ್‌ಗಳು. ಕೋಶದಿಂದ ಗರಿಷ್ಠ ಶಕ್ತಿ ಎಳೆಯುವುದು, ಸೆಲ್ ಮಿತಿಮೀರಿ ತುಂಬದಂತೆ ಮತ್ತು ಬರಿದಾಗದಂತೆ ಕಾಯುವುದು, ಸೆನ್ಸರಿಗೆ ಸರಿಯಾದ ವೋಲ್ಟೇಜ್ ಕೊಡುವುದು, ಮೂರನ್ನೂ ಅವು ನೋಡಿಕೊಳ್ಳುತ್ತವೆ. ಬೆಸುಗೆ ಹಾಕಲು ಬರುವ ಮಕ್ಕಳು ಮನೆಯಲ್ಲಿದ್ದರೆ ಅಥವಾ ಪಕ್ಕದ ಪಾಲಿಟೆಕ್ನಿಕ್‌ನಲ್ಲಿದ್ದರೆ ಸಿದ್ಧ ಬೋರ್ಡ್ ತರಿಸಿ ಒಂದು ಭಾನುವಾರದಲ್ಲಿ ಮುಗಿಸುವ ಕೆಲಸ ಇದು.

ಮಲೆನಾಡಿನಲ್ಲಿ ಸಾವಯವ ಹಾಳೆಯ ನಿಜವಾದ ವೈರಿ ತೇವ. ಇದನ್ನು ನಾನು ಕೈಯಾರೆ ಕಲಿತೆ. ಮೊದಲ ಮಾದರಿ ಹಾಳೆ ಕೈಗೆ ಬಂದಾಗ ಅದನ್ನು ಬಚ್ಚಲುಮನೆಗೆ ಹೋಗುವ ದಾರಿಯ ಗೋಡೆಗೆ, ಮೂಲೆಯಲ್ಲಿ ಒಂದು ಗುಂಡುಪಿನ್ ಚುಚ್ಚಿ ನಿಲ್ಲಿಸಿದ್ದೆ. ಅಂಚಿನಲ್ಲಿ ಏನೂ ಇಲ್ಲವಲ್ಲ, ಖಾಲಿ ಪ್ಲಾಸ್ಟಿಕ್ ತಾನೇ ಎಂದುಕೊಂಡಿದ್ದೆ. ಆ ಖಾಲಿ ಅಂಚೇ ಹಾಳೆಯ ಮೊಹರು. ನವರಾತ್ರಿಯ ಹೊತ್ತಿಗೆ ತೆಗೆದು ನೋಡಿದರೆ ಪಿನ್ನಿನ ಸುತ್ತ ಎಂಟಾಣೆ ಬಿಲ್ಲೆಯಗಲ ಬಣ್ಣ ಬಿಳಿಚಿಕೊಂಡಿತ್ತು, ಪಕ್ಕದ ಬೆಳ್ಳಿ ಗೆರೆ ಕಪ್ಪಾಗಿತ್ತು, ವಿದ್ಯುತ್ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ನೀರಿನ ಆವಿ ಮತ್ತು ಆಮ್ಲಜನಕ ಆ ಸೂಜಿಗಾತ್ರದ ತೂತಿನಿಂದ ಒಳಹೊಕ್ಕು ಮೂರೇ ತಿಂಗಳಲ್ಲಿ ಅಷ್ಟು ದೂರ ಹರಡಿದ್ದವು. ಹಾಳೆಯನ್ನು ಚುಚ್ಚಬೇಡಿ, ಕತ್ತರಿಸಬೇಡಿ, ಮಡಿಸಬೇಡಿ. ಎರಡು ಬದಿಯ ಟೇಪಿನಿಂದ ಗಾಜಿನ ಅಥವಾ ಅಕ್ರಿಲಿಕ್ ತುಂಡಿಗೆ ಅಂಟಿಸಿ, ತಂತಿ ಕೂಡುವ ಜಾಗಕ್ಕೆ ಸಿಲಿಕೋನ್ ಮೇಣ ಹಚ್ಚಿ. ಒಳಗಿಡುವುದರಿಂದ ಒಂದು ಲಾಭವೂ ಇದೆ: ಬಿಸಿಲಿನ ನೇರಳಾತೀತ ಕಿರಣಗಳ ಹೊಡೆತ ತಪ್ಪುವುದರಿಂದ ಹೊರಗಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಹಾಗಾದರೆ ಕತ್ತಲ ಕೋಣೆಗಳಿಗೆ ಏನು ಮಾಡಬೇಕು? ಸೆನ್ಸರ್ ಅಲ್ಲೇ ಇರಲಿ, ಕೋಶವನ್ನು ಬೆಳಕಿರುವಲ್ಲಿಗೆ ಒಯ್ಯಿರಿ. ಇಷ್ಟು ಕಡಿಮೆ ವಿದ್ಯುತ್ತಿಗೆ ಹತ್ತು ಮೀಟರ್ ತೆಳು ತಂತಿ ಎಳೆದರೂ ನಷ್ಟ ಲೆಕ್ಕಕ್ಕಿಲ್ಲ. ಅಟ್ಟದ ಗಾಜಿನ ಹಂಚಿನ ಹತ್ತಿರದ ಪಕಾಸಿಗೆ ಹಾಳೆ ಕಟ್ಟಿ, ಅಲ್ಲಿಂದ ತಂತಿಯನ್ನು ಅಡಕೆ ಕೋಣೆಗೆ ಇಳಿಸಬಹುದು. ಆದರೆ ಹಂಚಿನ ನೇರ ಕೆಳಗೆ ಬೇಡ. ಏಪ್ರಿಲ್ ಮಧ್ಯಾಹ್ನ ಅಲ್ಲಿ ಬೀಳುವ ಬಿಸಿಲುಕೋಲು ಮನೆಯೊಳಗಿನ ಬೆಳಕಿಗೆಂದು ಮಾಡಿದ ಹಾಳೆಯನ್ನು ಬೇಗ ಹಾಳುಮಾಡುತ್ತದೆ. ಒಂದೆರಡು ಅಡಿ ಪಕ್ಕಕ್ಕೆ, ಬಿಸಿಲು ಮುಟ್ಟದೆ ಬೆಳಕು ಮಾತ್ರ ಬೀಳುವಲ್ಲಿ ಇರಲಿ. ಅಡಕೆ ಬೇಯಿಸುವ ಒಲೆಯ ಹೊಗೆ ಅಟ್ಟಕ್ಕೆ ಏರುವ ಮನೆಯಾದರೆ ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಮಸಿ ಒರೆಸಲೇಬೇಕು. ಹಾಳೆಯೊಳಗಿನ ಪಟ್ಟಿಗಳು ಸರಪಳಿಯಂತೆ ಕೂಡಿರುವುದರಿಂದ ಒಂದು ಪಟ್ಟಿಯ ಮೇಲೆ ಇಲ್ಲಣ ಜೋತುಬಿದ್ದರೂ ಇಡೀ ಹಾಳೆಯ ವಿದ್ಯುತ್ ಕುಗ್ಗುತ್ತದೆ.

ಮೊಬೈಲಿನ ಮಾತು ಒಂದೇ ಸಾಲಿನಲ್ಲಿ ಮುಗಿಯುತ್ತದೆ. 5000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಸುಮಾರು 19 ವಾಟ್-ಗಂಟೆ ಹಿಡಿಯುತ್ತದೆ. ಮೇಲಿನ ಹಾಳೆ ಕಚೇರಿಯಷ್ಟು ಬೆಳಕಿನಲ್ಲಿ, 500 ಲಕ್ಸಿನಲ್ಲಿ, ಹಗಲೂ ರಾತ್ರಿ ದುಡಿದರೂ ಅದನ್ನು ತುಂಬಲು ಎರಡು ವರ್ಷಕ್ಕೂ ಹೆಚ್ಚು ಬೇಕು. ಕರೆಂಟ್ ಹೋದಾಗಿನ ಮೊಬೈಲಿಗೆ ಅಂಗಳದಲ್ಲಿಡುವ ಸಾಧಾರಣ ಸಿಲಿಕಾನ್ ಫಲಕವೇ ಸರಿ. ವೈಫೈ ಸೆನ್ಸರ್‌ಗಳೂ ಈ ಲೆಕ್ಕಕ್ಕೆ ಒಗ್ಗುವುದಿಲ್ಲ, ಅವು ಮಾತನಾಡುವಾಗ ನೂರು ಮಿಲಿಆಂಪಿಯರ್ ದಾಟುತ್ತವೆ.

ಕೊಳ್ಳುವ ವಿಷಯದಲ್ಲಿ ನನ್ನ ಅಭಿಪ್ರಾಯ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಸ್ವೀಡನ್ನಿನ ಎಪಿಶೈನ್, ಫ್ರಾನ್ಸಿನ ಡ್ರಾಕುಲಾ ಟೆಕ್ನಾಲಜೀಸ್ ಮೊದಲಾದ ಸಂಸ್ಥೆಗಳು ಒಳಬೆಳಕಿನ ಸಾವಯವ ಹಾಳೆಗಳನ್ನು ಮುದ್ರಿಸುತ್ತಿವೆ, ಆದರೆ ಅವರ ಕಣ್ಣು ಹೆಚ್ಚಾಗಿ ಉಪಕರಣ ತಯಾರಕರ ಮೇಲಿದೆ. ನಮ್ಮಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಾವಯವ ಕೋಶಗಳ ಸಂಶೋಧನೆ ನಡೆದುಬಂದಿದೆ. ತಿರುವನಂತಪುರದ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯಾದ ಎನ್‌ಐಐಎಸ್‌ಟಿಯಲ್ಲಿ ಒಳಬೆಳಕಿಗೆಂದೇ ವರ್ಣದ್ರವ್ಯದ ಕೋಶಗಳನ್ನು ರೂಪಿಸುತ್ತಿದ್ದಾರೆ. ಅವು ಊರಿನ ಅಂಗಡಿಗೆ ಬರುವವರೆಗೆ ಕಾಯುವುದು ಬೇಡ. ಕ್ಯಾಲ್ಕುಲೇಟರ್‌ಗಳಲ್ಲಿ 1980ರ ದಶಕದಿಂದ ಇರುವ ಕಂದು ಬಣ್ಣದ ಅಸ್ಫಟಿಕ ಸಿಲಿಕಾನ್ ಕೋಶ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ. ಅದರ ಹೊಸ್ತಿಲು 1.7ರ ಹತ್ತಿರ ಇರುವುದರಿಂದ ದೀಪದ ಬೆಳಕಿಗೂ ಹೊಂದುತ್ತದೆ. ಒಳ್ಳೆಯ ಸಾವಯವ ಕೋಶದ ಅರ್ಧದ ಆಸುಪಾಸು ವಿದ್ಯುತ್ ಕೊಟ್ಟರೂ ಗಾಜಿನ ಮೇಲೆ ಮಾಡಿದ್ದಾದ್ದರಿಂದ ನಮ್ಮ ತೇವಕ್ಕೆ ಹೆದರುವುದಿಲ್ಲ. ಮೊದಲ ಪ್ರಯೋಗವನ್ನು ಅದರಲ್ಲೇ, ಎರಡು ಪಟ್ಟು ವಿಸ್ತಾರ ಕೊಟ್ಟು, ನಡುಮನೆಯ ಒಂದು ಸೆನ್ಸರಿಗೆ ಮಾಡಿ. ಚಿಪ್, ಸೆಲ್, ತಂತಿ ಎಲ್ಲ ಹಾಗೇ ಉಳಿದು, ಮುಂದೆ ಕೋಶ ಮಾತ್ರ ಬದಲಾದೀತು.

ಡಬ್ಬಿಯಲ್ಲಿ ಕೂಡಿಟ್ಟ ಹಳೆಯ ಸೆಲ್‌ಗಳನ್ನು ತೋಟಕ್ಕೂ ಗೊಬ್ಬರಗುಂಡಿಗೂ ಹಾಕದೆ ಉಳಿಸಿದ್ದು ನನಗೆ ತುಂಬ ಸಂತೋಷ ತಂದಿತು. ಒಂದೊಂದರ ಎರಡೂ ಮುಖಕ್ಕೆ ಟೇಪ್ ಅಂಟಿಸಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಒಂದಕ್ಕೊಂದು ತಾಗಿದರೆ ಉಳಿದ ಚೂರು ಶಕ್ತಿಯೂ ಬಿಸಿಯೇಳಿಸಬಲ್ಲದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಹಿಂಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಶಿವಮೊಗ್ಗಕ್ಕೆ ಹೋದಾಗ ಇ-ತ್ಯಾಜ್ಯ ತೆಗೆದುಕೊಳ್ಳುವವರನ್ನು ವಿಚಾರಿಸಿ ಕೊಟ್ಟುಬನ್ನಿ.

ಈಗ ಪುಷ್ಯ ಮಳೆ ನಡೆಯುತ್ತಿದೆ, ವರ್ಷದ ಅತ್ಯಂತ ಮಂಕು ದಿನಗಳು ಇವೇ. ಈಗ ಸಾಕಾಗುವ ಬೆಳಕು ವರ್ಷವಿಡೀ ಸಾಕಾಗುತ್ತದೆ. ಒಂದು ವಾರ, ಬೆಳಗ್ಗೆ ಎಂಟು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕು ಮತ್ತು ದೀಪ ಹಚ್ಚಿದ ಮೇಲೆ ಒಮ್ಮೆ, ನಾಲ್ಕೂ ಜಾಗಗಳ ಲಕ್ಸ್ ಬರೆದಿಡಿ. ಆ ಹಾಳೆಯನ್ನು ನನಗೆ ಕಳುಹಿಸಿದರೆ ಯಾವ ಸೆನ್ಸರಿಗೆ ಎಷ್ಟು ದೊಡ್ಡ ಕೋಶ ಬೇಕೆಂದು ಲೆಕ್ಕ ಹಾಕಿ ಬರೆಯುತ್ತೇನೆ.